ಗಡಸು ನೀರೂ ಮೀಸೆಮೀನೂ

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಹವ್ಯಾಸಕ್ಕೆ ಬಿದ್ದವರು ಮೊದಲು ಮೀನನ್ನು ಕೊಳ್ಳುತ್ತಾರೆ; ನೀರಿನ ವಿಚಾರವನ್ನು ಆಮೇಲೆ ಮಾಡುತ್ತಾರೆ. ನಾವೂ ಹಾಗೆಯೇ ಮಾಡಿದವರು. ಬೆಂಗಳೂರಿನ ನಮ್ಮ ಮನೆಗೆ ಒದಗುವುದು ಕೊಳವೆಬಾವಿಯ ನೀರು. ಆ ನೀರಿನಲ್ಲಿ ಸಾಬೂನು ನೊರೆಗಟ್ಟದು, ಬೇಳೆ ಬೇಗ ಬೇಯದು. ಬಚ್ಚಲ ಹಂಡೆಯ ಒಳಮೈಗೆ ವರ್ಷದೊಳಗಾಗಿ ಬಿಳಿಯ ಹೊಪ್ಪಳೆ ಕಟ್ಟುವುದು. ಆದರೂ ಅದೇ ನೀರಿನಲ್ಲಿ ಗಪ್ಪಿ, ಮಾಲಿ, ಪ್ಲಾಟಿ ಮೀನುಗಳು ಸುಖವಾಗಿ ಮರಿಯಿಟ್ಟುಕೊಂಡಿದ್ದುವು. ತಳದಲ್ಲಿ ಓಡಾಡುವ ಮೀನೂ ಕೆಲವು ಇದ್ದರೆ ತೊಟ್ಟಿ ತುಂಬಿದಂತೆ ಕಾಣುವುದೆಂದು ಕೋರಿಡೋರಸ್ ಎಂಬ ಮೀಸೆಮೀನುಗಳನ್ನು ಆರು ತಂದೆವು. “ಇವಕ್ಕೆ ಬೇರೆ ಆಹಾರವೇ ಬೇಡ, ತಳದ ಕೊಳೆಯನ್ನೆಲ್ಲ ತಿಂದು ತೊಟ್ಟಿಯನ್ನು ಶುಚಿಮಾಡುತ್ತವೆ” ಎಂದು ಅಂಗಡಿಯವರು ಹೇಳಿದರು, ನಾವು ನಂಬಿದೆವು. ಚೀಲವನ್ನು ಬಿಚ್ಚಿ ಮೀನುಗಳನ್ನು ನೇರವಾಗಿ ತೊಟ್ಟಿಗೆ ಸುರಿದೆವು. ಒಂದು ವಾರದೊಳಗೆ ನಾಲ್ಕು ಸತ್ತುವು. ಉಳಿದೆರಡರ ಮೀಸೆಗಳು ಸವೆದು ಮೊಟಕಾಗಿದ್ದುವು.

ನೀರು ಗಡಸಾದುದರಿಂದಲೇ ಸತ್ತುವೆಂದು ಆಗ ತಿಳಿದೆವು. ಅದು ಪೂರ್ತಿ ಸರಿಯಲ್ಲವೆಂಬುದು ಮನವರಿಕೆಯಾಗಲು ಬಹುಕಾಲ ಹಿಡಿಯಿತು.

ಗಡಸುತನವೆಂದರೆ ನೀರಿನಲ್ಲಿ ಕರಗಿರುವ ಸುಣ್ಣ ಮತ್ತು ಮೆಗ್ನೀಸಿಯಂ ಲವಣಗಳ ಪ್ರಮಾಣ. ಅದನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಹೇಳುವುದುಂಟು. ಮೀನು ಸಾಕುವವರು ಬಳಸುವ ಜರ್ಮನ್ ಡಿಗ್ರಿಯೂ ಉಂಟು. ಒಂದು ಡಿಗ್ರಿಗೆ ಸುಮಾರು 17.8 ಮಿಲಿಗ್ರಾಂ. ನಮ್ಮ ದೇಶದ ಮಾನಕ ಸಂಸ್ಥೆಯು ಕುಡಿಯುವ ನೀರಿಗೆ 200 ಮಿಲಿಗ್ರಾಂ ಯೋಗ್ಯವೆಂದೂ, ಬೇರೆ ನೀರು ದೊರೆಯದಿದ್ದಲ್ಲಿ 600ರ ವರೆಗೆ ಸಹಿಸಬಹುದೆಂದೂ ಹೇಳುತ್ತದೆ. ಎಂದರೆ ಹನ್ನೊಂದು ಡಿಗ್ರಿಯಿಂದ ಮೂವತ್ತನಾಲ್ಕರ ವರೆಗೆ. ಇದನ್ನು ಅಳೆಯುವ ಹನಿದ್ರವಗಳು ಮೀನಿನ ಅಂಗಡಿಗಳಲ್ಲಿಯೇ ದೊರೆಯುತ್ತವೆ. ಕೊಳವೆಬಾವಿಯ ನೀರನ್ನು ಒಂದು ರಾತ್ರಿ ಬಕೆಟ್ಟಿನಲ್ಲಿ ತೆರೆದಿಟ್ಟು ಅನಂತರ ಪರೀಕ್ಷಿಸುವುದು ಲೇಸು. ನೆಲದೊಳಗಿಂದ ಬಂದ ನೀರಿನಲ್ಲಿ ಇಂಗಾಲಾಮ್ಲವು ಸೇರಿರುತ್ತದೆ. ಅದು ಗಾಳಿಗೆ ಬಿಟ್ಟುಹೋದಮೇಲೆ ಪಿಎಚ್ ಎಂಬ ಆಮ್ಲಕ್ಷಾರಗಳ ಅಳತೆ ಮೇಲಕ್ಕೇರುತ್ತದೆ. ತೊಟ್ಟಿಯಲ್ಲಿ ಮೀನು ಅನುಭವಿಸುವುದು ಈ ಏರಿದ ಅಳತೆಯನ್ನೇ.

ಹಾಗಾದರೆ ನಮ್ಮ ನಾಲ್ಕು ಮೀನುಗಳನ್ನು ಕೊಂದದ್ದು ಯಾವುದು? ಅಂಗಡಿಯವರ ತೊಟ್ಟಿಯಲ್ಲಿದ್ದುದು ಶೋಧಕ ಯಂತ್ರದಲ್ಲಿ ಸೋಸಿದ ಮೆದು ನೀರು. ಸಿಹಿನೀರಿನ ಮೀನಿನ ರಕ್ತದಲ್ಲಿ ಹೊರಗಿನ ನೀರಿಗಿಂತ ಹೆಚ್ಚು ಲವಣವಿರುವುದರಿಂದ ನೀರು ಅದರ ಮೈಯೊಳಕ್ಕೆ ಸದಾ ನುಸುಳುತ್ತಿರುತ್ತದೆ. ಮೀನು ಅದನ್ನು ಎಡೆಬಿಡದೆ ಹೊರಹಾಕುತ್ತ ಲವಣವನ್ನು ಕಾಪಾಡಿಕೊಳ್ಳುತ್ತಿರುತ್ತದೆ. ಈ ಹೊಂದಿಕೆಯನ್ನು ಬದಲಿಸಿಕೊಳ್ಳಲು ಅದಕ್ಕೆ ಕಾಲಾವಕಾಶ ಬೇಕು. ನಾವು ಕೊಟ್ಟದ್ದು ಅರ್ಧ ನಿಮಿಷ. ಸಣ್ಣ ನಳಿಕೆಯಿಂದ ನಮ್ಮ ನೀರನ್ನು ಹನಿಹನಿಯಾಗಿ ಒಂದೆರಡು ಗಂಟೆ ಸೇರಿಸಿ ಅನಂತರ ಮೀನನ್ನು ಬಿಟ್ಟಿದ್ದರೆ ಪ್ರಾಯಶಃ ಅವು ಉಳಿಯುತ್ತಿದ್ದುವು.

ಎರಡನೆಯ ಕಾರಣ ಇದಕ್ಕಿಂತ ಮುಖ್ಯವಾದುದು. ನಮ್ಮ ಶ್ರೋತೃಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಮೀನಿನ ಮಲಮೂತ್ರಗಳಿಂದಲೂ ತಿನ್ನದೆ ಉಳಿದ ಆಹಾರದಿಂದಲೂ ಅಮೋನಿಯ ಹುಟ್ಟುತ್ತದೆ. ಅದು ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ. ಒಂದು ಅಷ್ಟಾಗಿ ಕೇಡಿಲ್ಲದುದು, ಇನ್ನೊಂದು ಘೋರ ವಿಷ. 25 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ನೀರಿನಲ್ಲಿ ಪಿಎಚ್ 7 ಇದ್ದಾಗ ವಿಷರೂಪವು ನೂರಕ್ಕೆ ಒಂದು ಭಾಗವೂ ಇರುವುದಿಲ್ಲ. ಪಿಎಚ್ 8 ಆದರೆ ಸುಮಾರು ಐದು ಭಾಗ. 9 ಆದರೆ ಮೂರನೆಯ ಒಂದು ಭಾಗಕ್ಕೂ ಮಿಗಿಲು. ಗಡಸು ನೀರು ಸಾಮಾನ್ಯವಾಗಿ ಕ್ಷಾರದ ಕಡೆಗೇ ಇರುವುದರಿಂದ, ಮೆದು ನೀರಿನಲ್ಲಿ ಲೆಕ್ಕಕ್ಕೆ ಬಾರದ ಕೊಳೆಯೇ ನಮ್ಮಲ್ಲಿ ಪ್ರಾಣಾಂತಿಕವಾಗುತ್ತದೆ. ಆ ಕೊಳೆ ಸೇರುವುದೆಲ್ಲಿ? ತಳದಲ್ಲಿ. ಮೀಸೆಮೀನು ಮೂತಿಯನ್ನು ಊರಿ ಬದುಕುವುದೂ ಅಲ್ಲಿಯೇ. ಅದನ್ನು ಜಾಡಮಾಲಿಯೆಂದು ತಿಳಿದು ಕೊಳೆಯ ಮೇಲೆ ಬಿಟ್ಟ ನಮ್ಮ ಜಾಣತನಕ್ಕೆ ಏನೆನ್ನಬೇಕು? ಅದಕ್ಕೂ ತನ್ನ ಪಾಲಿನ ಆಹಾರ ಬೇಕು. ದೀಪವಾರಿದ ಮೇಲೆ ತಳಕ್ಕೆ ಮುಳುಗುವ ಗುಳಿಗೆಗಳನ್ನು ಹಾಕಬೇಕು. ವಾರಕ್ಕೊಮ್ಮೆ ನಾಲ್ಕನೆಯ ಒಂದು ಪಾಲು ನೀರನ್ನು ಬದಲಿಸುವುದೂ, ಚೂಪಾದ ಜಲ್ಲಿಗೆ ಬದಲು ನಯವಾದ ಮರಳನ್ನು ಹಾಸುವುದೂ ಅವಶ್ಯ.

ಇನ್ನು ಆಯ್ಕೆಯ ಮಾತು. ಕೋರಿಡೋರಸ್ ವರ್ಗದಲ್ಲಿ ನೂರಾರು ಜಾತಿಗಳಿವೆ. 2024ರಲ್ಲಿ ವಿಜ್ಞಾನಿಗಳು ಇವನ್ನು ಹಲವು ಕುಲಗಳಾಗಿ ಒಡೆದಿದ್ದಾರೆ, ಅಂಗಡಿಯಲ್ಲಿ ಹಳೆಯ ಹೆಸರೇ ನಡೆಯುತ್ತಿದೆ. ಅಮೆಜಾನಿನ ಕಾಡುತೊರೆಗಳಲ್ಲಿ ಹಿಡಿದು ತಂದ ಜಾತಿಗಳು ನಮ್ಮ ನೀರಿಗೆ ಸಲ್ಲವು. ಕಂಚಿನ ಬಣ್ಣದ್ದೂ, ಕರಿಮೆಣಸು ಚೆಲ್ಲಿದಂತೆ ಚುಕ್ಕೆಯುಳ್ಳದ್ದೂ ತಲೆಮಾರುಗಳಿಂದ ತೊಟ್ಟಿಯಲ್ಲಿಯೇ ಹುಟ್ಟಿ ಬೆಳೆದುವು. ಇವು ಸಾಧಾರಣ ಗಡಸನ್ನು ತಾಳಿಕೊಳ್ಳುತ್ತವೆ. ಚುಕ್ಕೆಯ ಜಾತಿಯನ್ನು ಡಾರ್ವಿನ್ನನು ಬೀಗಲ್ ನೌಕಾಯಾತ್ರೆಯಲ್ಲಿ ಸಂಗ್ರಹಿಸಿ ತಂದನು. ಜೆನಿನ್ಸ್ ಎಂಬಾತನು 1842ರಲ್ಲಿ ಅದನ್ನು ವರ್ಣಿಸಿದನು. ಅದಕ್ಕೆ ತಂಪು ಹಿತ. ಬೆಂಗಳೂರಿಗೆ ಒಗ್ಗೀತು; ರಾಯಚೂರಿನ ಬೇಸಗೆಗೆ ಕಂಚಿನದೇ ಮೇಲು. ಆರಕ್ಕೆ ಕಡಿಮೆ ತರಬಾರದು, ಒಂಟಿಯಾದರೆ ಅವು ಅಡಗಿಯೇ ಕೂರುತ್ತವೆ.

ನೀರು ಬಹಳ ಗಡಸಾಗಿದ್ದು ಪಿಎಚ್ ಎಂಟನ್ನು ದಾಟಿದ್ದರೆ ಆಫ್ರಿಕದ ಟಾಂಗನ್ಯೀಕ ಸರೋವರದ ಕಡೆಗೆ ನೋಡುವುದು ಒಳ್ಳೆಯದು. ಸುಮಾರು 1,470 ಮೀಟರು ಆಳದ ಆ ಸರೋವರದ ನೀರು ಸಹಜವಾಗಿಯೇ ಕ್ಷಾರಮಯ. ಅಲ್ಲಿಯ ಸಿನೋಡಾಂಟಿಸ್ ಪೆಟ್ರಿಕೋಲ ಗೇಣಿಗಿಂತ ಚಿಕ್ಕದಾದ, ಕಪ್ಪು ಚುಕ್ಕೆ ಬಿಳಿಯಂಚುಗಳ ಚೆಲುವಾದ ಮೀನು. ಬೆಳೆದ ಮಾಲಿಗಳೊಡನೆ ಹೊಂದಿಕೊಳ್ಳುತ್ತದೆ. ಗಪ್ಪಿಯ ಮರಿಗಳು ಮಾತ್ರ ಉಳಿಯಲಾರವು. ಅದರ ಬಂಧುವಾದ ಸಿನೋಡಾಂಟಿಸ್ ಮಲ್ಟಿಪಂಕ್ಟೇಟಸ್ಸಿನದು ವಿಚಿತ್ರವಾದ ನಡತೆ. ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವಂತೆ, ಬಾಯಲ್ಲಿ ಮರಿಮಾಡುವ ಸಿಕ್ಲಿಡ್ ಮೀನುಗಳ ಮೊಟ್ಟೆಗಳ ನಡುವೆ ಇದು ತನ್ನವನ್ನು ಸೇರಿಸಿಬಿಡುತ್ತದೆ. ಮೊದಲು ಹೊರಬಂದ ಇದರ ಮರಿಗಳು ಸಾಕುತಾಯಿಯ ಬಾಯೊಳಗೇ ಆಕೆಯ ಮರಿಗಳನ್ನು ತಿನ್ನುತ್ತವೆ. ಕೋಗಿಲೆಯಾದರೂ ವಸಂತದಲ್ಲಿ ಹಾಡುತ್ತದೆ!

ಪಾಚಿ ತಿನ್ನುವ ಮೀನು ಬೇಕೆನ್ನುವವರು ಅನ್ಸಿಸ್ಟ್ರಸ್ ಎಂಬುದನ್ನು ಕೇಳಿ ತರಲಿ. ಗಂಡಿನ ಮೂತಿಯ ಮೇಲೆ ಕವಲು ಮೀಸೆಗಳಿರುತ್ತವೆ; ನಾಲ್ಕೈದು ಅಂಗುಲಕ್ಕೆ ಬೆಳವಣಿಗೆ ನಿಲ್ಲುತ್ತದೆ; ಸೌತೆಕಾಯಿಯ ಹೋಳೆಂದರೆ ಪ್ರೀತಿ. ಇದರ ಬದಲು ಅಂಗಡಿಯಲ್ಲಿ ‘ಸಕ್ಕರ್’ ಎಂಬ ಹೆಸರಿನಿಂದ ಎರಡಂಗುಲದ ಮರಿಯನ್ನು ಕೈಗಿಡುವುದುಂಟು. ಅದು ಟೆರಿಗೊಪ್ಲಿಕ್ತಿಸ್. ಒಂದೂವರೆ ಅಡಿಯಷ್ಟು ಬೆಳೆಯುತ್ತದೆ. ಬೆಳೆದಮೇಲೆ ದಿಕ್ಕುತೋಚದೆ ಜನ ಅದನ್ನು ಕೆರೆಗೆ ಬಿಡುತ್ತಾರೆ. ಕೊಲ್ಲಲಿಲ್ಲವೆಂಬ ಸಮಾಧಾನ ಅವರಿಗೆ. ದಡದಲ್ಲಿ ಬಿಲ ತೋಡಿ, ಮುಳ್ಳುಗಳಿಂದ ಬಲೆಗಳನ್ನು ಹರಿದು, ನಾಡಮೀನುಗಳ ಮೇವನ್ನು ಕಸಿದುಕೊಂಡು ಅದು ನಮ್ಮ ದೇಶದ ಹಲವು ರಾಜ್ಯಗಳ ನೀರಿನಲ್ಲಿ ನೆಲಸಿಬಿಟ್ಟಿದೆ. ನಮ್ಮ ಕೆರೆಗಳ ಗಿರ್ಲು ಮೀನಿಗೆ ಗಡಸಿನ ಭಯವಿಲ್ಲ, ನಿಜ. ಆದರೆ ರಾತ್ರಿ ಬೆಳಗಾಗುವುದರೊಳಗೆ ಗಪ್ಪಿಗಳ ಲೆಕ್ಕ ಕಡಿಮೆಯಾಗುತ್ತದೆ.

ಬದುಕುಳಿದ ನಮ್ಮ ಎರಡು ಕೋರಿಡೋರಸ್‌ಗಳಿಗೆ ಮರಳು ಹಾಸಿದಮೇಲೆ ಮೀಸೆ ಮತ್ತೆ ಚಿಗುರಿತು. ಜೊತೆಗೆ ಇನ್ನಾರನ್ನು ತಂದು, ಈ ಸಲ ಎರಡು ಗಂಟೆ ಹನಿ ನೀರುಣಿಸಿ ಬಿಟ್ಟೆವು. ಎಂಟೂ ಇವೆ. ಆಗಾಗ ಒಂದು ಥಟ್ಟನೆ ನೀರಿನ ಮೇಲ್ಮೈಗೆ ಹಾರಿ ಒಂದು ಗುಟುಕು ಗಾಳಿಯನ್ನು ನುಂಗಿ ಕೆಳಗಿಳಿಯುತ್ತದೆ. ಕರುಳಿನಿಂದಲೂ ಉಸಿರಾಡಬಲ್ಲ ಮೀನು ಅದು. ಹೊಸಬರು ಕಂಡು ಗಾಬರಿಪಡಬೇಕಾದುದಿಲ್ಲ. ಎಂಟೂ ಒಟ್ಟಾಗಿ ಮತ್ತೆ ಮತ್ತೆ ಹಾರತೊಡಗಿದರೆ ಮಾತ್ರ ಕೂಡಲೆ ನೀರನ್ನು ಪರೀಕ್ಷಿಸಬೇಕು.