ನಿಲುವಂಗಿ ಬಿಟ್ಟವರು

ಎಕಂಬಾದ ಕಡೆಯವನಾದ ನನಗೆ ಮೈಮೇಲೆ ದೇವರು ಬರುವುದು ಹೊಸ ಸಂಗತಿಯಲ್ಲ. ಅದನ್ನು ಅರಿಯಲೆಂದು ಕ್ರೈಸ್ತ ಪಾದ್ರಿಯೊಬ್ಬರು ಕಾಡು ಸುತ್ತಿದ್ದು ಸೋಜಿಗವೇ ಸರಿ. ವೆರಿಯರ್ ಎಲ್ವಿನ್ 1927ರಲ್ಲಿ ಪುಣೆಯ ಕ್ರಿಸ್ತ ಸೇವಾ ಸಂಘಕ್ಕೆ ಬಂದರು. 1932ರಲ್ಲಿ ಶಾಮರಾವ್ ಹಿವಾಳೆಯವರೊಡನೆ ಗೋಂಡರ ನಡುವೆ ನೆಲೆಸಿದರು. ಮತಾಂತರಕ್ಕೆ ಅವರ ಮನಸ್ಸು ಒಪ್ಪಲಿಲ್ಲ. ಬಿಷಪ್ಪರೊಡನೆ ವಿರಸ ಬೆಳೆದು, 1935ರಲ್ಲಿ ಚರ್ಚನ್ನೇ ತೊರೆದರು.

ಒಡಿಶಾದ ಸವರರನ್ನು ಕುರಿತ ಅವರ 1955ರ ಗ್ರಂಥದಲ್ಲಿ ಕುರನ್‌ಬೋಯಿಯರು ಬರುತ್ತಾರೆ. ಕನಸಿನಲ್ಲಿ ಪಾತಾಳದ ವರನನ್ನು ಕೈಹಿಡಿದು, ಸತ್ತವರ ಬಾಯಾಗಿ ನಿಂತು, ಕಾಯಿಲೆಯ ಕಾರಣವನ್ನು ನುಡಿಯುವ ಹೆಂಗಸರಿವರು. ಆ ಮದುವೆ ಬಾಳಿನುದ್ದಕ್ಕೂ ಇರುವಂಥದು. ಎಲ್ವಿನ್ ತಾವು ಆ ದೀಕ್ಷೆ ಪಡೆಯಲಿಲ್ಲ, ನಿಜ. ಆದರೆ ಮೌಢ್ಯವೆಂದು ನಗಲೂ ಇಲ್ಲ. 1980ರಲ್ಲಿ ಮೈಕೆಲ್ ಹಾರ್ನರ್ ಪುಸ್ತಕ ಬಂದ ಮೇಲೆ, ಪಶ್ಚಿಮದಲ್ಲಿ ಇದನ್ನು ವಾರಾಂತ್ಯದ ಶಿಬಿರಗಳಲ್ಲಿ, ತಮಟೆಯ ಸದ್ದಿನೊಡನೆ, ಕಲಿಸುವುದು ಹಬ್ಬಿತು. ಆ ಅವಸರವನ್ನು ಕುರನ್‌ಬೋಯಿಯರು ಕಂಡಿದ್ದರೆ ಏನೆನ್ನುತ್ತಿದ್ದರೋ!