ಹನಿ ಲವಂಗದೆಣ್ಣೆ, ಹಿಡಿ ಎಚ್ಚರ

ಬನಶಂಕರಿಯ ಹಳೆಯ ಮನೆಗಳ ಕಾಂಪೌಂಡಿನಲ್ಲಿ ಒಂದು ಕುಂಡವಾದರೂ ದೊಡ್ಡಪತ್ರೆ ಸಿಗುತ್ತದೆ. ಮಗುವಿಗೆ ನೆಗಡಿಯಾದರೆ ಎಲೆ ಬಾಡಿಸಿ ರಸ, ಹೊಟ್ಟೆ ಕೆಟ್ಟರೆ ತಂಬುಳಿ. ಎಲೆ ಕಿವುಚಿದರೆ ಓಮದ ಘಾಟು ಮೂಗಿಗೆ ಬಡಿಯುತ್ತದೆ. ಓಮಕ್ಕೆ ಆ ಘಾಟು ಕೊಡುವುದು ಥೈಮಾಲ್. ದೊಡ್ಡಪತ್ರೆಯಲ್ಲಿರುವುದೂ ಅದೇ, ಜೊತೆಗೆ ಅದರ ಒಡಹುಟ್ಟು ಕಾರ್ವಕ್ರಾಲ್.

ಈಗ ಅದೇ ಪರಿಮಳ ಸೀಸೆಗೆ ಬಂದಿದೆ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಒಂದು ಸುತ್ತು ಹಾಕಿದರೆ ನೀಲಗಿರಿ, ನಿಂಬೆಹುಲ್ಲು, ಲವಂಗ, ಟೀ ಟ್ರೀ ಎಣ್ಣೆಗಳ ಪುಟ್ಟ ಬಾಟಲಿಗಳು ಕೈಗೆಟುಕುತ್ತವೆ. ಇವು ನಿಜಕ್ಕೂ ಬ್ಯಾಕ್ಟೀರಿಯಾ ಕೊಲ್ಲುತ್ತವೆಯೇ?

ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ, ಹೌದು. ಬ್ಯಾಕ್ಟೀರಿಯಾದ ಒಳಪೊರೆ ಕೊಬ್ಬಿನಿಂದಾದದ್ದು. ನೀರಿಗೆ ಒಗ್ಗದ ಎಣ್ಣೆಯ ಕಣಗಳು ಆ ಕೊಬ್ಬಿನಲ್ಲಿ ಸೇರಿಕೊಂಡು ಪೊರೆಯನ್ನು ಸಡಿಲಿಸುತ್ತವೆ. ತೂತು ಬಿದ್ದ ಬಿಂದಿಗೆಯಂತೆ ಒಳಗಿನ ಪೊಟ್ಯಾಶಿಯಂ ಸೋರಿ ಹೋಗಿ ಜೀವಕೋಶ ಸಾಯುತ್ತದೆ. ಗಾಯದಲ್ಲಿ ಕೀವು ತರಿಸುವ ಸ್ಟ್ಯಾಫಿಲೊಕಾಕಸ್ ಸಾಮಾನ್ಯವಾಗಿ ಬೇಗ ಸೋಲುತ್ತದೆ. ಹೊರಗೆ ಇನ್ನೊಂದು ಪೊರೆ ಹೊದ್ದಿರುವ ಸೂಡೊಮೊನಾಸ್ ಸುಲಭಕ್ಕೆ ಬಗ್ಗುವುದಿಲ್ಲ.

ತಟ್ಟೆಯಿಂದ ದೇಹಕ್ಕೆ ಬಂದಾಗ ಲೆಕ್ಕ ಬದಲಾಗುತ್ತದೆ. ಇದು ಬೆಂಗಳೂರಿಗೆ ನೂರು ವರ್ಷಗಳಿಂದ ಗೊತ್ತಿರುವ ಕಥೆ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಗಿ ಮೈಸೂರಿನ ಗಂಧದ ಮರ ಜರ್ಮನಿಗೆ ಹೋಗುವುದು ನಿಂತಿತು. ಆಗ ಇಲ್ಲಿನ ಟಾಟಾ ಇನ್‌ಸ್ಟಿಟ್ಯೂಟಿನ (ಇಂದಿನ ಭಾರತೀಯ ವಿಜ್ಞಾನ ಸಂಸ್ಥೆ) ರಸಾಯನ ವಿಜ್ಞಾನಿಗಳಾದ ಸಡ್‌ಬರೋ ಮತ್ತು ವಾಟ್ಸನ್ ಗಂಧದೆಣ್ಣೆ ಬಟ್ಟಿ ಇಳಿಸುವ ಪ್ರಯೋಗಕ್ಕೆ ಕೈಹಾಕಿದರು. ಅಂದು ಯುರೋಪಿನಲ್ಲಿ ಗಂಧದೆಣ್ಣೆ ಬರೀ ಅತ್ತರಿನ ಸರಕಾಗಿರಲಿಲ್ಲ. ಗೊನೊರಿಯಾ ರೋಗಿಗಳು ಅದನ್ನು ಔಷಧಿಯಾಗಿ ನುಂಗುತ್ತಿದ್ದರು. ಸಲ್ಫಾ, ಪೆನಿಸಿಲಿನ್ ಬಂದ ಮೇಲೆ ಆ ಚಿಕಿತ್ಸೆ ಮೂಲೆಗೆ ಸರಿಯಿತು. 1918ರಿಂದ ಸೋಪಿನಲ್ಲಿ ಬೆರೆತ ಎಣ್ಣೆ ಮಾತ್ರ ಇಂದಿಗೂ ನಮ್ಮ ಬಚ್ಚಲಲ್ಲಿದೆ.

ಹಾಗೆ ತಮಗೆ ತಕ್ಕ ಜಾಗ ಕಂಡುಕೊಂಡ ಎಣ್ಣೆಗಳು ಇನ್ನೂ ಇವೆ. ಹಲ್ಲಿನ ವೈದ್ಯರ ಕೋಣೆಗೆ ಕಾಲಿಟ್ಟ ಕೂಡಲೇ ಬರುವ ವಾಸನೆ ಲವಂಗದ ಯೂಜಿನಾಲ್‌ನದು. ಸತುವಿನ ಆಕ್ಸೈಡಿನೊಂದಿಗೆ ಕಲಸಿ ಹಲ್ಲಿನ ತೂತಿಗೆ ತಾತ್ಕಾಲಿಕವಾಗಿ ತುಂಬುತ್ತಾರೆ. ಬಾಯಿ ಮುಕ್ಕಳಿಸುವ ಕೆಲವು ದ್ರಾವಣಗಳಲ್ಲಿ ಥೈಮಾಲ್ ಇದೆ. ಶೇ. 5ರ ಟೀ ಟ್ರೀ ಜೆಲ್ ಮೊಡವೆಗೆ ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ.

ಅಡುಗೆಮನೆಯಲ್ಲಿ ಫಲ ಕಡಿಮೆ. ಆಹಾರದ ಕೊಬ್ಬು, ಪ್ರೋಟೀನು ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತವೆ; ಬ್ಯಾಕ್ಟೀರಿಯಾ ಸಾಯುವಷ್ಟು ಲವಂಗದೆಣ್ಣೆ ಹಾಕಿದರೆ ಸಾರು ಬಾಯಿಗಿಡಲಾಗದು. ಬಕೆಟ್ ನೀರಿಗೆ ನಾಲ್ಕು ಹನಿ ನಿಂಬೆಹುಲ್ಲಿನ ಎಣ್ಣೆ ಬಿಟ್ಟು ನೆಲ ಒರೆಸಿದರೆ ಮನೆ ಘಮಘಮ ಎನ್ನುತ್ತದೆ, ಅಷ್ಟೇ.

ಅಪಾಯ ಇರುವುದು ಎಲೆಯನ್ನು ನಂಬಿದಂತೆ ಸೀಸೆಯನ್ನೂ ನಂಬುವುದರಲ್ಲಿ. ರಾಶಿ ಸೊಪ್ಪಿನ ಸಾರ ಕೆಲವೇ ಹನಿಗಳಲ್ಲಿ ಕೂತಿರುತ್ತದೆ. ಒಂದು ಚಮಚ ನೀಲಗಿರಿ ಎಣ್ಣೆ ನುಂಗಿದರೆ ಪುಟ್ಟ ಮಗುವಿಗೆ ಫಿಟ್ಸ್ ಬರಬಹುದು. ಲವಂಗದೆಣ್ಣೆ ಹೊಟ್ಟೆಗೆ ಹೋದರೆ ಯಕೃತ್ತೇ ಕೆಡಬಹುದು. ಚರ್ಮಕ್ಕೂ ನೇರವಾಗಿ ಹಚ್ಚದೆ ಕೊಬ್ಬರಿ ಎಣ್ಣೆಯಲ್ಲಿ ತೆಳುವಾಗಿಸಬೇಕು. ಜ್ವರ, ಕೀವು, ಮೂತ್ರದ ಸೋಂಕಿಗೆ ವೈದ್ಯರೇ ಬೇಕು.

ಬಾಟಲಿ ಮಕ್ಕಳ ಕೈಗೆ ಸಿಗದ ಮೇಲಿನ ಗೂಡಿನಲ್ಲಿರಲಿ. ತಂಬುಳಿಗೆ ಕುಂಡದ ನಾಲ್ಕು ಎಲೆ ಸಾಕು.