ಸೇಂಟ್ ಮೇರಿಸ್ ದ್ವೀಪ: ನೋಟಕ್ಕೋ, ನೀರಾಟಕ್ಕೋ?

ಮೈಸೂರಿನ ಹುಡುಗರಿಗೆ ರಜೆ ಸಿಕ್ಕರೆ ಸಮುದ್ರದ ಹುಚ್ಚು. ಅದರಲ್ಲೂ 2014ರಲ್ಲಿ ರಕ್ಷಿತ್ ಶೆಟ್ಟಿಯ ‘ಉಳಿದವರು ಕಂಡಂತೆ’ ಬಂದ ಮೇಲೆ ಮಲ್ಪೆ ಅಂದ್ರೆ ಸಾಕು, ರಾತ್ರಿ ಬಸ್ಸಿಗೆ ಬ್ಯಾಗು ಏರಿಸಿಬಿಡ್ತಾರೆ. ಹೋಗಿ, ಬೇಡ ಅನ್ನೋನು ನಾನಲ್ಲ. ಆದರೆ ಮಲ್ಪೆಯಲ್ಲಿ ದೋಣಿ ಹತ್ತಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೊರಡೋ ಮೊದಲು ಕೇಳಿಕೊಳ್ಳಿ: ಬೇಕಾದ್ದು ನೋಟವೋ, ನೀರಾಟವೋ?

ನೋಟಕ್ಕಾದರೆ ಬಿಡಬೇಡಿ. ಯಾವ ಆರ್ಟ್ ಡೈರೆಕ್ಟರೂ ಹಾಕಲಾರದ ಸೆಟ್ಟು ಅದು! ಕೋಟ್ಯಂತರ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಕಳಚಿಕೊಳ್ಳುವ ಕಾಲದಲ್ಲಿ ಉಕ್ಕಿದ ಲಾವಾ ಆರಿ, ಬಿರಿದು, ಐದಾರು ಮೂಲೆಯ ಕಲ್ಲುಕಂಬಗಳಾಗಿ ಸಾಲಾಗಿ ನಿಂತಿದೆ. ನಾನು ಅವನ್ನೇ ನೋಡುತ್ತಾ ಕೂತೆ. ಜೊತೆಗಿದ್ದವರು ಅರ್ಧ ಗಂಟೆಗೇ ಸೆಲ್ಫಿ ಮುಗಿಸಿ ‘ಬೋರು’ ಅಂದರು. ಅವರವರ ಟೇಸ್ಟು!

ನೀರಾಟಕ್ಕಾದರೆ ಬೇಡ ಗುರೂ. ದಂಡೆಯಲ್ಲಿ ಮರಳಿಗಿಂತ ಚಿಪ್ಪು ಜಾಸ್ತಿ, ಬಂಡೆಯೆಲ್ಲ ಜಾರು. ಕಾವೇರಿಯಲ್ಲಿ, ವರುಣಾ ನಾಲೆಯಲ್ಲಿ ಕಲಿತ ಈಜು ಇಲ್ಲಿ ನಡೆಯೋಲ್ಲ. ಬಂಡೆಗೆ ಬಡಿದ ಅಲೆ ವಾಪಸ್ ಹೋಗುವಾಗ ಕಾಲನ್ನೇ ಕಿತ್ತುಕೊಂಡು ಹೋಗುತ್ತೆ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಬಂದಿದ್ದ 3 ಕಾಲೇಜು ಹುಡುಗರು ಇಲ್ಲೇ ಮುಳುಗಿ ಸತ್ತರು. ಸಿನಿಮಾದಲ್ಲಿ ಹೀರೋನ ಡೂಪು ಕೂಡ ಹಗ್ಗ ಕಟ್ಟಿಕೊಂಡೇ ಹಾರೋದು ಸ್ವಾಮಿ!

ಮಳೆಗಾಲದಲ್ಲಿ ದೋಣಿ ಬಂದ್. ದ್ವೀಪದಲ್ಲಿ ರಾತ್ರಿ ತಂಗಲು ಲಾಡ್ಜೂ ಇಲ್ಲ. ಬೆಳಿಗ್ಗೆ ಕಂಬ ನೋಡಿ, ಸಂಜೆಗೆ ಮಲ್ಪೆ ಬೀಚಿಗೆ ಬಂದು, ಜೀವರಕ್ಷಕರ ಕಣ್ಣೆದುರಿಗೇ ಒದ್ದೆಯಾಗಿ. ಆಮೇಲೆ ಉಡುಪಿಯಲ್ಲಿ ಬಿಸಿ ಗೋಳಿಬಜೆ!